ಅಂಚೆಪೆಟ್ಟಿಗೆಯ ಪಕ್ಕದಲ್ಲೇ ಸ್ಟಾಂಪು ಸಿಗಲಿ

ಮಾನ್ಯ ಸಂಪಾದಕರೇ,

ಡೆನ್ಮಾರ್ಕಿನಲ್ಲಿ 1624ರಿಂದ ನಡೆದುಬಂದಿದ್ದ ಸರ್ಕಾರಿ ಪತ್ರ ಬಟವಾಡೆ 2025ರ ಡಿಸೆಂಬರ್ ಕೊನೆಗೆ ನಿಂತುಹೋಯಿತು. ಬೀದಿಗಳಲ್ಲಿದ್ದ ಸುಮಾರು 1500 ಕೆಂಪು ಅಂಚೆಪೆಟ್ಟಿಗೆಗಳನ್ನು ಕಿತ್ತರು. ಅದೇ ವರ್ಷ ನಮ್ಮಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಈ ಸುದ್ದಿಗಳ ಮಾತು ಬಂದಾಗಲೆಲ್ಲ, ಮನೆಯಲ್ಲಿರಲಿ, ಬೆಳಗಿನ ವಾಕಿಂಗಿನಲ್ಲಿರಲಿ, ಎಲ್ಲರದೂ ಒಂದೇ ತೀರ್ಮಾನ: "ಈಗ ಯಾರು ಕಾಗದ ಬರೀತಾರೆ ಬಿಡಿ." ನನಗಿದು ಒಪ್ಪಿಗೆಯಿಲ್ಲ. ಫೋನು ಬಂದದ್ದು ನಿಜ, ಬರೆಯುವವರು ಕಡಿಮೆಯಾದದ್ದೂ ನಿಜ. ಆದರೆ ಬರೆದ ಕಾಗದಕ್ಕೆ ಹಚ್ಚಲು ಒಂದು ಸ್ಟಾಂಪು ಬೇಕೆಂದರೆ ಅದು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ಕೇಳಲೆಂದೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯವಳು. ನಮ್ಮ ಅಪ್ಪಯ್ಯ ಅಲ್ಲಿನ ಬ್ರಾಂಚ್ ಪೋಸ್ಟ್‌ಮಾಸ್ಟರ್. ಆಗ 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್' ಅನ್ನುತ್ತಿದ್ದರು, ಈಗ ಗ್ರಾಮೀಣ ಡಾಕ್ ಸೇವಕರು ಅನ್ನುತ್ತಾರಲ್ಲ, ಆ ವರ್ಗ. ಅಂಚೆ ಕೆಲಸ ದಿನದಲ್ಲಿ ಕೆಲವೇ ಗಂಟೆ, ಉಳಿದ ಹೊತ್ತೆಲ್ಲ ಅಡಿಕೆ ತೋಟ. ಕಚೇರಿಯೆಂದರೆ ನಮ್ಮ ಮನೆಯ ಜಗುಲಿಯ ಒಂದು ಮೂಲೆ. ಅಲ್ಲೊಂದು ಮೇಜು, ಸಣ್ಣ ತಕ್ಕಡಿ, ಹಿಡಿ ಸವೆದು ನುಣುಪಾಗಿದ್ದ ತಾರೀಖಿನ ಮೊಹರು, ಮಸಿಯ ಪ್ಯಾಡು, ಅರಗು, ಮತ್ತೆ ಮುಚ್ಚಳವಿದ್ದ ಮರದ ಪೆಟ್ಟಿಗೆ. ಸ್ಟಾಂಪು, ಕಾರ್ಡು, ಇನ್‌ಲ್ಯಾಂಡ್, ಕವರು ಎಲ್ಲ ಆ ಪೆಟ್ಟಿಗೆಯಲ್ಲಿ.

ಮಲೆನಾಡಿನ ಮಳೆಗಾಲದಲ್ಲಿ ಸ್ಟಾಂಪಿನ ಹಾಳೆ ಕಾಪಾಡುವುದು ಸಣ್ಣ ಕೆಲಸವಲ್ಲ. ಗಾಳಿಯಲ್ಲಿರುವ ತೇವಕ್ಕೇ ಹಿಂಬದಿಯ ಅಂಟು ಮೆತ್ತಗಾಗಿ ಹಾಳೆಗೆ ಹಾಳೆ ಹಿಡಿದುಕೊಳ್ಳುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಹಾಳಾದ ಹಾಳೆಯ ದುಡ್ಡನ್ನು ಅಪ್ಪಯ್ಯ ಕೈಯಿಂದ ತುಂಬಬೇಕು. ಅದಕ್ಕೇ ಅವರು ಹಾಳೆಗಳ ನಡುವೆ ಎಣ್ಣೆಕಾಗದ ಇಡುತ್ತಿದ್ದರು. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಪೆಟ್ಟಿಗೆ ಜಗುಲಿ ಬಿಟ್ಟು ಅಡುಗೆಮನೆಯ ಒಲೆಯ ಪಕ್ಕದ ಗೂಡಿಗೆ ಹೋಗುತ್ತಿತ್ತು. ಮಳೆ ಹಿಂದಾಗುವವರೆಗೂ ಊರಿನಿಂದ ಹೊರಟ ಕಾಗದಗಳಿಗೆ ಒಂಚೂರು ಹೊಗೆಯ ವಾಸನೆ ಇರುತ್ತಿತ್ತು.

ನಿಯಮದ ಪ್ರಕಾರ ಕಚೇರಿಗೆ ವೇಳೆಯಿತ್ತು. ಸ್ಟಾಂಪಿಗೆ ಇರಲಿಲ್ಲ. ರಾತ್ರಿ ಊಟಕ್ಕೆ ಎಲೆ ಹಾಕಿದ ಮೇಲೂ ಅಂಗಳದಿಂದ "ಅಯ್ಯಾ, ಒಂದು ಕಾರ್ಡು ಬೇಕಿತ್ತು" ಅಂತ ಕರೆ ಬರುತ್ತಿತ್ತು. ಅಡಿಕೆ ಕೊನೆ ಕೊಯ್ಲಿಗೆಂದು ಘಟ್ಟದ ಕೆಳಗಿನಿಂದ ಬಂದ ಆಳುಗಳಿಗೆ ಬಿಡುವಾಗುತ್ತಿದ್ದುದೇ ರಾತ್ರಿ. ಅಪ್ಪಯ್ಯ ಕೈ ತೊಳೆದು ಬಂದು ಕಾರ್ಡು ಕೊಡುತ್ತಿದ್ದರು. ಬರೆಯಲು ಬಾರದವರಾದರೆ ಲಾಟೀನು ಹತ್ತಿರ ಎಳೆದುಕೊಂಡು ತಾವೇ ಬರೆಯುತ್ತಿದ್ದರು. "ಇನ್ನೇನು ಬರೀಲಿ?" ಅಂತ ಕೇಳಿದರೆ ಆ ಕಡೆಯವರು ಸುಮಾರು ಹೊತ್ತು ಸುಮ್ಮನಿದ್ದು, "ಆಡು ಮರಿ ಹಾಕಿತಾ ಕೇಳಿ" ಅನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಚೀಲದಲ್ಲಿ ಆ ಕಾರ್ಡು ಹೋಗುತ್ತಿತ್ತು. ಹಗಲಲ್ಲಿ ಬನ್ನಿ ಎಂದು ಕಳಿಸಿದ್ದರೆ ಆ ಕಾರ್ಡು ಯಾವತ್ತಿಗೂ ಹೋಗುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿದೆ. ಬರೆಯಬೇಕು ಅನ್ನಿಸುವ ಗಳಿಗೆ ಕಚೇರಿಯ ವೇಳೆ ನೋಡಿ ಬರುವುದಿಲ್ಲ.

ಮದುವೆಯಾಗಿ 1974ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದೆ. ನಮ್ಮವರಿಗೆ ಅಲ್ಲೊಂದು ಆಸ್ಪತ್ರೆಯಲ್ಲಿ ಕೆಲಸ. ಸ್ವಲ್ಪ ದಿನ ಕಳೆದ ಮೇಲೆ ನನಗೂ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ನಾನು ಹೊರಗೆ ಬರುವ ಹೊತ್ತಿಗೆ ಅಂಚೆ ಕಚೇರಿಯ ಬಾಗಿಲು ಹಾಕಿರುತ್ತಿತ್ತು. ಆದರೆ ಅದರ ಹೊರಗೋಡೆಯಲ್ಲಿ ನಾಣ್ಯ ಹಾಕಿದರೆ ಸ್ಟಾಂಪು ಕೊಡುವ ಯಂತ್ರ ಕೂರಿಸಿದ್ದರು. ಪಕ್ಕದಲ್ಲೇ ಅಂಚೆಪೆಟ್ಟಿಗೆ. ಕೈಗವಸು ತೆಗೆದು, ಹತ್ತು ಪೆನ್ನಿಯ ನಾಣ್ಯವನ್ನು ಸೀಳಿಗೆ ಹಾಕಿದರೆ ಒಳಗಿನಿಂದ ಗರಗರ ಸದ್ದು ಬಂದು ಸ್ಟಾಂಪಿನ ಪಟ್ಟಿ ಹೊರಗೆ ಇಣುಕುತ್ತಿತ್ತು. ಅದನ್ನು ಅಡ್ಡಕ್ಕೆ ಎಳೆಯದೆ ನೇರವಾಗಿ ಹಿಡಿದು ಹರಿದುಕೊಳ್ಳಬೇಕು. ಪಟ್ಟಿಯಲ್ಲಿ ಐದು ಸ್ಟಾಂಪು: ಆರು ಪೆನ್ನಿಯದೊಂದು, ಎರಡರದೊಂದು, ಒಂದರದೊಂದು, ಅರ್ಧ ಪೆನ್ನಿಯವು ಎರಡು. ಐದರಲ್ಲೂ ರಾಣಿಯ ಅದೇ ಮುಖ, ಬಣ್ಣ ಮಾತ್ರ ಬೇರೆ ಬೇರೆ.

ಐದು ಸ್ಟಾಂಪು ಯಾಕೆ ಅನ್ನುವುದರ ಹಿಂದೆ ಒಂದು ಕಥೆಯಿದೆ. ನ್ಯೂಜಿಲೆಂಡಿನ ಅಂಚೆ ನೌಕರ ರಾಬರ್ಟ್ ಡಿಕ್ಕಿ ಎಂಬವರು ಮಾಡಿದ ಯಂತ್ರವನ್ನು 1905ರಲ್ಲಿ ವೆಲ್ಲಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ಪರೀಕ್ಷೆಗೆ ಇಟ್ಟರು. ಸ್ಟಾಂಪುಗಳನ್ನು ಉದ್ದ ಸುರುಳಿ ಮಾಡಿ, ಎರಡು ಸ್ಟಾಂಪುಗಳ ನಡುವೆ ಹರಿಯಲೆಂದು ಇರುವ ತೂತುಗಳಿಗೇ ಚಕ್ರದ ಮುಳ್ಳು ಸಿಕ್ಕಿಸಿ, ನಾಣ್ಯ ಬಿದ್ದಾಗ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಮುಂದಕ್ಕೆ ತಳ್ಳುವ ಉಪಾಯ ಅದು. ಹರಿಯಲಿಕ್ಕೆ ಇದ್ದ ತೂತನ್ನೇ ಎಳೆಯಲಿಕ್ಕೆ ಬಳಸಿಕೊಂಡ ಬುದ್ಧಿ ನನಗೆ ಇವತ್ತಿಗೂ ಸೋಜಿಗ. ಒಂದು ಪೆನ್ನಿ ಹಾಕಿದರೆ ಒಂದು ಪೆನ್ನಿಯ ಸ್ಟಾಂಪು, ಅದೇ ಒಂದು ಕಾಗದದ ದರ. ಅಷ್ಟು ಸರಳವಾಗಿದ್ದ ಕಾಲದಲ್ಲಿ ಯಂತ್ರ ಚೆನ್ನಾಗಿ ನಡೆಯಿತು. ಆಮೇಲೆ ಅಂಚೆ ದರ ಏರತೊಡಗಿತು. ಆರೂವರೆ ಪೆನ್ನಿ, ಎಂಟೂವರೆ ಪೆನ್ನಿ ಎಂದಾದರೆ ಒಂದೇ ನಾಣ್ಯದಲ್ಲಿ ಅದನ್ನು ಕೊಡುವುದು ಹೇಗೆ? ಆಗ ಮಾಡಿದ್ದೇ ಈ ಕಲಸುಮೇಲೋಗರದ ಪಟ್ಟಿ. ಹತ್ತು ಪೆನ್ನಿ ಕೊಡಿ, ಹತ್ತು ಪೆನ್ನಿಯ ಚಿಲ್ಲರೆ ಸ್ಟಾಂಪು ತೆಗೆದುಕೊಳ್ಳಿ, ನಿಮಗೆ ಬೇಕಾದ ದರ ನೀವೇ ಕೂಡಿಸಿಕೊಳ್ಳಿ. ದರ ಬದಲಾದಂತೆಲ್ಲ ಪಟ್ಟಿ ಬದಲಾಗಬೇಕು, ನಾಣ್ಯ ಬದಲಾದರೆ ಯಂತ್ರವೂ ಬದಲಾಗಬೇಕು. ಆ ಹಳೆಯ ಯಂತ್ರಗಳು ಈಗ ಹೆಚ್ಚಾಗಿ ಸಂಗ್ರಾಹಕರ ಮನೆ ಸೇರಿವೆ.

ಬ್ರಿಟನ್ನಿನವರು ಇದಕ್ಕೂ ಮುಂದೆ ಹೋಗಿ, ಒಂದೇ ಕೆಂಪು ಗೂಡಿನಲ್ಲಿ ಟೆಲಿಫೋನು, ಅಂಚೆಪೆಟ್ಟಿಗೆ, ಸ್ಟಾಂಪಿನ ಯಂತ್ರ ಮೂರನ್ನೂ ಇಟ್ಟು ನೋಡಿದ್ದರು. 1927ರ ವಿನ್ಯಾಸ, ಅದಕ್ಕೆ ಕೆ4 ಎಂದು ಹೆಸರು. ಮಾಡಿದ್ದು 50 ಮಾತ್ರ. ಮಳೆ ಬಂದರೆ ಒಳಗಿನ ಸ್ಟಾಂಪಿನ ಸುರುಳಿ ತೇವ ಹಿಡಿದು ಅಂಟಿಕೊಳ್ಳುತ್ತಿತ್ತಂತೆ, ಯಂತ್ರದ ಸದ್ದಿಗೆ ಫೋನಿನಲ್ಲಿದ್ದವರಿಗೆ ಮಾತು ಕೇಳುತ್ತಿರಲಿಲ್ಲವಂತೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಡುಗೆಮನೆಯ ಗೂಡು. ಅಷ್ಟು ದೊಡ್ಡ ಇಲಾಖೆಗೂ ಅಪ್ಪಯ್ಯನಿಗೂ ಕಾಟ ಕೊಟ್ಟದ್ದು ಒಂದೇ ಅಂಟು.

ಊರಿಗೆ ಬರೆಯಲು ಏರೋಗ್ರಾಮ್, ಅಂದರೆ ಬರೆದ ಹಾಳೆಯನ್ನೇ ಮಡಿಚಿ ಅಂಟಿಸಿ ವಿಮಾನದಂಚೆಗೆ ಹಾಕುವ ಕಾಗದ, ಇತ್ತು, ಅಗ್ಗವಾಗಿಯೂ ಇತ್ತು. ಆದರೂ ನಾನು ಆಗಾಗ ಕವರಿನಲ್ಲೇ ಬರೆಯುತ್ತಿದ್ದೆ. ಏರೋಗ್ರಾಮಿನ ಸ್ಟಾಂಪು ಕಾಗದದ ಮೇಲೇ ಅಚ್ಚಾಗಿರುತ್ತದೆ, ಬಿಡಿಸಲು ಬರುವುದಿಲ್ಲ. ನನ್ನ ಕಾಗದ ಬಂತೆಂದರೆ ಊರಿನ ಶಾಲೆಯ ಮಕ್ಕಳು ನಮ್ಮ ಜಗುಲಿಗೆ ಬರುತ್ತಿದ್ದರಂತೆ. ಅಪ್ಪಯ್ಯ ಸ್ಟಾಂಪಿರುವ ಮೂಲೆಯನ್ನು ಕತ್ತರಿಸಿ, ತಟ್ಟೆಯ ನೀರಿನಲ್ಲಿ ನೆನೆಹಾಕಿ, ಅಂಟು ಬಿಟ್ಟ ಮೇಲೆ ಒಂದೊಂದನ್ನೇ ಬಾಳೆಲೆಯ ಮೇಲೆ ಆರಿಸಿ ಹಂಚುತ್ತಿದ್ದರು. ಅದಕ್ಕೆ ನಾನು ಯಂತ್ರದಿಂದ ಎರಡು ಪಟ್ಟಿ ತೆಗೆದು, ದೊಡ್ಡದೊಂದು ಸ್ಟಾಂಪು ಸಾಕಾಗುವ ಕಡೆ ಬೇಕೆಂದೇ ಸಣ್ಣ ಸಣ್ಣದನ್ನು ಕೂಡಿಸಿ ಹಚ್ಚುತ್ತಿದ್ದೆ. ಅರ್ಧ ಪೆನ್ನಿಯದೂ ಒಂದು ಮಗುವಿಗೆ ಒಂದು ಸ್ಟಾಂಪೇ ಅಲ್ಲವೇ. ಅಪ್ಪಯ್ಯ ಮಾತ್ರ ಪೋಸ್ಟ್‌ಮಾಸ್ಟರ್ ಬುದ್ಧಿ ಬಿಡಲಿಲ್ಲ. ಒಂದು ಉತ್ತರದಲ್ಲಿ ಹೀಗೆ ಬರೆದಿದ್ದರು: "ಸ್ಟಾಂಪುಗಳನ್ನು ಸಾಲಾಗಿ ಬಲಮೂಲೆಯಲ್ಲೇ ಅಂಟಿಸು. ಚದುರಿಸಿದರೆ ಮೊಹರು ಹೊಡೆಯುವವನ ಕೈ ಸೋಲುತ್ತದೆ."

ಊರಿನಿಂದ ಬರುತ್ತಿದ್ದ ಏರೋಗ್ರಾಮುಗಳು ನನ್ನ ಬಳಿ ಈಗಲೂ ಇವೆ. ಮೊದಲ ಎರಡು ಮಡಿಕೆಯಲ್ಲಿ ಅಪ್ಪಯ್ಯನ ಗುಂಡು ಅಕ್ಷರ: ಮಳೆ ಎಷ್ಟು ಬಂತು, ಕೊಳೆರೋಗ ಬಿತ್ತಾ ಇಲ್ಲವಾ, ಅಡಿಕೆಗೆ ಧಾರಣೆ ಎಷ್ಟು, ಯಾರ ಮನೆಯಲ್ಲಿ ಮದುವೆ. ಕೊನೆಗೆ ಉಳಿದ ಚೂರು ಜಾಗ ಅಮ್ಮನದು. ಅದು ಸಾಲದೆ ಅಮ್ಮ ಅಂಚಿನ ಸುತ್ತಲೂ, ಅಂಟು ಹಚ್ಚಿ ಮಡಿಚುವ ಪಟ್ಟಿಯ ಮೇಲೂ ಬರೆದುಬಿಡುತ್ತಿದ್ದರು. ಒಡೆಯುವಾಗ ಆ ಪಟ್ಟಿಯೇ ಹರಿಯುತ್ತದೆ. ಹಾಗಾಗಿ ಅಮ್ಮನ ಮಾತು ಯಾವಾಗಲೂ ಎರಡು ತುಂಡಾಗಿ ಬರುತ್ತಿತ್ತು. ನಾನು ಹರಿದ ಅಂಚನ್ನು ಮೇಜಿನ ಮೇಲೆ ಜೋಡಿಸಿ ಓದುತ್ತಿದ್ದೆ: "ಚಳಿಗೆ ತಲೆಗೆ ಕಟ್ಟಿಕೋ. ಅಲ್ಲಿ ಮಜ್ಜಿಗೆ ಹೆಪ್ಪಿಗೆ ಏನು ಮಾಡುತ್ತೀ?" ಉತ್ತರ ಬರೆದು, ಅದು ತಲುಪಿ, ಅದಕ್ಕೆ ಅಮ್ಮನ ಉತ್ತರ ಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ತಿಂಗಳು. ಹೆಪ್ಪಿನ ವಿಷಯವನ್ನೇ ನಾವಿಬ್ಬರೂ ಒಂದು ಇಡೀ ಚಳಿಗಾಲ ಮಾತಾಡಿದ್ದೇವೆ. ಫೋನಿನಲ್ಲಾದರೆ ಅರ್ಧ ನಿಮಿಷದ ಮಾತು. ಆದರೆ ಆ ಅರ್ಧ ನಿಮಿಷ ನನ್ನ ಪೆಟ್ಟಿಗೆಯಲ್ಲಿ ಉಳಿದಿರುತ್ತಿರಲಿಲ್ಲ, ಅಮ್ಮನ ಅಕ್ಷರವೂ ಇರುತ್ತಿರಲಿಲ್ಲ.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ನನ್ನ ಮೊಮ್ಮಗಳು ಆರನೇ ತರಗತಿ. ಅವಳ ಗೆಳತಿಯ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಗೆಳತಿಗೆ ಫೋನಿಲ್ಲ, ಇವಳಿಗೂ ಇಲ್ಲ. ನನ್ನ ಏರೋಗ್ರಾಮುಗಳನ್ನು ನೋಡಿದ್ದವಳು "ಅಜ್ಜಿ, ನಾನೂ ಕಾಗದ ಬರೀತೀನಿ" ಅಂದಳು. ಒಂದು ಭಾನುವಾರ ಬೆಳಿಗ್ಗೆ ಕೂತು ಎರಡು ಪುಟ ಬರೆದಳು, ಕೊನೆಯಲ್ಲಿ ಬೆಕ್ಕಿನ ಚಿತ್ರ ಬಿಡಿಸಿದಳು. ಕವರು ಮನೆಯಲ್ಲೇ ಇತ್ತು. ಸ್ಟಾಂಪಿರಲಿಲ್ಲ. ಇಬ್ಬರೂ ಹೊರಟೆವು. ನೋಟ್‌ಬುಕ್ ಅಂಗಡಿ, ಜೆರಾಕ್ಸ್ ಅಂಗಡಿ, ಬಸ್ ನಿಲ್ದಾಣದ ಪೇಪರ್ ಅಂಗಡಿ ಎಲ್ಲ ಕಡೆ ಕೇಳಿದೆವು. ಪೇಪರ್ ಅಂಗಡಿಯವರು "ನಮ್ಮಪ್ಪ ಇಟ್ಟಿದ್ರು ಅಮ್ಮ, ಈಗ ಯಾರೂ ತಗೊಳಲ್ಲ. ಕೊರಿಯರ್ ಮಾಡಿಬಿಡಿ" ಅಂದರು. ಅಂಚೆಪೆಟ್ಟಿಗೆ ಮಾತ್ರ ನಮ್ಮ ರಸ್ತೆಯ ತಿರುವಿನಲ್ಲೇ ಇದೆ, ಅದರ ಮೇಲೆ ತೆಗೆಯುವ ವೇಳೆಯೂ ಬರೆದಿದೆ. ಹಾಕುವ ಜಾಗ ಮನೆಯ ಪಕ್ಕ, ಹಾಕಲು ಬೇಕಾದ ಐದು ರೂಪಾಯಿಯ ಸ್ಟಾಂಪು ಊರಲ್ಲೆಲ್ಲೂ ಇಲ್ಲ.

ಸೋಮವಾರ ಅವಳು ಶಾಲೆಗೆ ಹೋಗಿದ್ದಾಗ ನಾನು ಕೌಂಟರಿಗೆ ಹೋದೆ. ಆಧಾರ್ ತಿದ್ದುಪಡಿ, ಉಳಿತಾಯ ಖಾತೆ, ಪಾರ್ಸೆಲ್ ಎಲ್ಲಕ್ಕೂ ಸೇರಿ ಒಂದೇ ಸಾಲು. ನನ್ನ ಸರದಿ ಬಂದಾಗ ಆ ಹುಡುಗಿ ಬಹಳ ಮರ್ಯಾದೆಯಿಂದಲೇ ಕವರನ್ನು ತೂಗಿ, ಬೆಲೆ ಮುದ್ರಿಸಿದ ಬಿಳಿ ಚೀಟಿ ಅಂಟಿಸಿಕೊಟ್ಟಳು. ಅವಳ ತಪ್ಪೇನೂ ಇಲ್ಲ, ಅವಳಿಗೆ ಒಪ್ಪಿಸಿದ ಕೆಲಸವೇ ಅದು. ಕಾಗದವೂ ಸರಿಯಾಗಿ ತಲುಪಿತು. ಆದರೆ ಶಾಲೆಯಿಂದ ಬಂದ ಮಗು ಕೇಳಿದ್ದು: "ಯಾವ ಚಿತ್ರದ ಸ್ಟಾಂಪು ಹಚ್ಚಿದಿರಿ ಅಜ್ಜಿ?"

ಅಂಚೆ ಇಲಾಖೆ 'ಢಾಯಿ ಆಖರ್' ಹೆಸರಿನಲ್ಲಿ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತದೆ. ಮಕ್ಕಳೂ ದೊಡ್ಡವರೂ ಕೈಯಲ್ಲೇ ಬರೆದು ಕಳಿಸಬೇಕು. ಒಳ್ಳೆಯ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸ್ಪರ್ಧೆ ಮುಗಿದ ಮೇಲೂ ಆ ಮಗು ಬರೆಯಬೇಕಲ್ಲ? ಕಾರ್ಡಿಗೆ ಈಗಲೂ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ, ಕವರಿಗೆ ಐದು. ಇಷ್ಟು ಅಗ್ಗದಲ್ಲಿ ಕಾಶ್ಮೀರದವರೆಗೆ ಒಯ್ದು ಕೊಡುವ ವ್ಯವಸ್ಥೆ ನಮ್ಮಲ್ಲಿದೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಬಹುಪಾಲು ಹಳ್ಳಿಗಳಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರುವವರೆಗೆ ಮೈಸೂರಿಗೆ ತನ್ನದೇ ಅಂಚೆ ಇತ್ತು. ಇಂಥ ನಾಡಿನಲ್ಲಿ ಭಾನುವಾರ ಒಂದು ಸ್ಟಾಂಪು ಸಿಗದೆ ಕಾಗದ ಮೇಜಿನ ಮೇಲೆ ಉಳಿಯುವುದು ನನಗೆ ನಿಜಕ್ಕೂ ನೋವು.

ಮೊದಲು ಆಗಬೇಕಾದದ್ದು ಅಂಗಡಿಗಳಲ್ಲಿ ಸ್ಟಾಂಪು. ಹಿಂದೆ ಕಾರ್ಡು, ಇನ್‌ಲ್ಯಾಂಡು ಬೀಡಾ ಅಂಗಡಿಯಲ್ಲೂ ಸಿಗುತ್ತಿದ್ದವು. ಐದು ರೂಪಾಯಿಯ ಸ್ಟಾಂಪು ಮಾರಿ ಅಂಗಡಿಯವರಿಗೆ ಉಳಿಯುವುದೇನು ಎಂದರೆ, ಏನೂ ಇಲ್ಲ, ಅದಕ್ಕೇ ಅವರು ಬಿಟ್ಟದ್ದು. ಕಮಿಷನ್ ಹೆಚ್ಚಿಸಿ, ಹತ್ತು ಸ್ಟಾಂಪಿನ ಸಣ್ಣ ಪುಸ್ತಕವಾಗಿ ಮಾರಲು ಕೊಟ್ಟರೆ ಇಟ್ಟುಕೊಳ್ಳುವವರು ಸಿಕ್ಕಾರು. ಜರ್ಮನಿಯಲ್ಲಿ ಫೋನಿನಲ್ಲೇ ದುಡ್ಡು ಕಟ್ಟಿದರೆ ಒಂದು ಸಂಕೇತ ಬರುತ್ತದೆ, ಅದನ್ನು ಸ್ಟಾಂಪಿನ ಜಾಗದಲ್ಲಿ ಪೆನ್ನಿನಲ್ಲಿ ಬರೆದು ಪೆಟ್ಟಿಗೆಗೆ ಹಾಕಬಹುದು. ಆತುರಕ್ಕೆ ಅದೂ ಒಳ್ಳೆಯದೇ, ಮಕ್ಕಳು ಕೂಡಿಡಲು ಮಾತ್ರ ಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಯಂತ್ರ. ಬರ್ಮಿಂಗ್‌ಹ್ಯಾಮಿನ ಯಂತ್ರವನ್ನು ಸೋಲಿಸಿದ್ದು ನಾಣ್ಯ ಮತ್ತು ದರ ಹೊಂದಿಕೊಳ್ಳದ ಕಷ್ಟ. ನಮ್ಮಲ್ಲಿ ಆ ಕಷ್ಟವೇ ಇಲ್ಲ. ಸೊಪ್ಪು ಮಾರುವ ತಾಯಿಯ ಬುಟ್ಟಿಯಲ್ಲೂ ಯುಪಿಐ ಚೀಟಿ ಇದೆ. ಐದು ರೂಪಾಯಿ ಆರಾದರೂ ಏಳಾದರೂ ಯಂತ್ರ ಬದಲಿಸಬೇಕಿಲ್ಲ, ಕಟ್ಟುವ ಮೊತ್ತ ಬದಲಿಸಿದರೆ ಮುಗಿಯಿತು. ಬ್ಯಾಂಕಿನ ಎಟಿಎಂ ಇಡಲು ಜಾಗ ಸಿಗುವ ಬಸ್ ನಿಲ್ದಾಣಗಳಲ್ಲಿ, ರೈಲು ನಿಲ್ದಾಣಗಳಲ್ಲಿ, ಕಾಲೇಜುಗಳ ಮುಂದೆ ಅಂಚೆಪೆಟ್ಟಿಗೆಯ ಪಕ್ಕಕ್ಕೆ ಒಂದೊಂದು ಸಣ್ಣ ಪೆಟ್ಟಿಗೆ ಸಾಕು. ಅದರಿಂದ ಬಿಳಿ ಚೀಟಿ ಬರುವುದು ಬೇಡ, ಚಿತ್ರವಿರುವ ನಿಜವಾದ ಸ್ಟಾಂಪೇ ಬರಲಿ. ಬಿಡಿ ಕಾರ್ಡು, ಇನ್‌ಲ್ಯಾಂಡು ಬಂದರೆ ಇನ್ನೂ ಸಂತೋಷ. ಕಾಲೇಜು ಹುಡುಗರು ಮೊದಲು ಯಂತ್ರ ನೋಡುವ ಕುತೂಹಲಕ್ಕೇ ತೆಗೆದುಕೊಂಡಾರು, ತೆಗೆದುಕೊಳ್ಳಲಿ. ಕೈಗೆ ಸ್ಟಾಂಪು ಬಂದ ಮೇಲೆ ಯಾರಿಗೆ ಬರೆಯಲಿ ಎಂಬ ಯೋಚನೆ ತಾನಾಗಿ ಬರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಮಿಕ್ಕ ಅರ್ಧ ಪೆನ್ನಿಯ ಸ್ಟಾಂಪುಗಳು ಪರ್ಸಿನಲ್ಲಿ ಕಂಡಾಗಲೇ ಎಷ್ಟೋ ಸಲ ನನಗೆ ಊರಿಗೆ ಬರೆಯಬೇಕು ಅನ್ನಿಸುತ್ತಿತ್ತು.

ಕರ್ನಾಟಕ ವೃತ್ತದ ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಅವರಲ್ಲಿ ನನ್ನ ವಿನಂತಿ ಇಷ್ಟೇ. ಪ್ರಯೋಗಕ್ಕೆಂದು ಮೂರು ಕಡೆ ಇಡಿ: ಒಂದು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ, ಒಂದು ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ, ಇನ್ನೊಂದು ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ. ತೀರ್ಥಹಳ್ಳಿಯದನ್ನು ಬೇಸಿಗೆಯಲ್ಲಿ ಉದ್ಘಾಟಿಸಬೇಡಿ, ಜುಲೈ ತಿಂಗಳಲ್ಲೇ ಇಟ್ಟು ನೋಡಿ. ನೀರು ತಾಗಿಸದೆ ಹಿಂದಿನ ಕಾಗದ ಸುಲಿದು ಅಂಟಿಸುವ ಜಾತಿಯ ಸ್ಟಾಂಪನ್ನೇ ಅದರಲ್ಲಿ ತುಂಬಿಸಿ. ಆಗುಂಬೆ ಕಡೆಯ ಮಳೆಯನ್ನು ತಡೆದ ಯಂತ್ರ ರಾಜ್ಯದಲ್ಲಿ ಬೇರೆಲ್ಲಿಟ್ಟರೂ ನಡೆಯುತ್ತದೆ.

ಇತಿ,
ನಿಮ್ಮ ಹಳೆಯ ಓದುಗಾರ್ತಿ,
ಶಿವಮೊಗ್ಗ